ಅತ್ತೆಯ ಆರು ತುಂಡಿನ ಉದ್ಯೋಗ

ಎಷ್ಟೇ ಉದ್ದದ ಪದವಿರಲಿ, ನಲವತ್ತೈದು ಜನ ಅದನ್ನು ಒಂದೇ ತಾಳದಲ್ಲಿ ಹಾಡುವಂತೆ ಮಾಡಬಲ್ಲವನು ನಾರ್ವೆಯಲ್ಲಿ ನಾನೊಬ್ಬನೇ ಎಂದು ೧೯೭೪ರಲ್ಲಿ ನಂಬಿದ್ದೆ. ನಾನು ರಸಾಯನಶಾಸ್ತ್ರದ ಪದವೀಧರ; ಅಳತೆ ತಪ್ಪುವ ಪ್ರಶ್ನೆಯೇ ಇರಲಿಲ್ಲ!

ಅದು ಅತ್ತೆ ಬೊರ್ಗಿಲ್ಡ್ ಅವರ ಎಪ್ಪತ್ತನೇ ಹುಟ್ಟುಹಬ್ಬ. ಇಂಥ ಊಟಕ್ಕೆ ಮನೆಯವರೇ ಹಾಡು ಕಟ್ಟಿ, ಹಾಳೆ ಹಂಚಿ, ಎಲ್ಲರಿಂದ ಹಾಡಿಸುವುದು ನಮ್ಮಲ್ಲಿ ರೂಢಿ. ಮದುವೆಯಾಗಿ ಎಂಟು ವರ್ಷವಾದರೂ ಅತ್ತೆ ನನ್ನನ್ನು ದೂರದ ನೆಂಟನಂತೆ 'ನೀವು, ತಾವು' ಎನ್ನುತ್ತಿದ್ದರು. ಈ ಹಾಡಿನಿಂದ ಮನೆಯವನಾಗಿಯೇ ಬಿಡಬೇಕೆಂದು ಹಟ ತೊಟ್ಟೆ.

ಅವರು ಮೂವತ್ತೊಂದು ವರ್ಷ ಹಡಗುಕಟ್ಟೆಯಲ್ಲಿ ಟಿಕೆಟು, ಸರಕು ನೋಡಿಕೊಂಡವರು. ನಮ್ಮ ಭಾಷೆಯಲ್ಲಿ ಉಗಿ, ಹಡಗು, ಗುಮಾಸ್ತೆ ಎಂಬ ಮೂರು ಪದಗಳನ್ನೂ ಅಂಟಿಸಿದರೆ ಆ ಹುದ್ದೆಯ ಹೆಸರು. ಪಲ್ಲವಿಗೆ ಅದನ್ನೇ ಇಟ್ಟು, ಯಾರೂ ಎಡವದಿರಲೆಂದು ಬಿಡಿಸಿ ಬರೆದೆ: ಡಾಂಪ್-ಶಿಪ್ಸ್-ಎಕ್ಸ್-ಪೆ-ಡಿ-ತೋರ್. ಒತ್ತು ಬೀಳುವ ಮೊದಲ ಮತ್ತು ಕೊನೆಯ ತುಂಡಿಗೆ ಕೆಂಪು ಚುಕ್ಕೆ. ಕೆಳಗೆ ಸೂಚನೆ: 'ಚುಕ್ಕೆ ಬಂದಾಗ ಮೇಜು ಕುಟ್ಟಿ.'

ಹೆಂಡತಿ ಗುನ್‌ವೋರ್ ಓದಿ ಹುಬ್ಬೇರಿಸಿದಳು. "ರೀ, ಮೇಜಿನ ಮೇಲೆ ಅಮ್ಮನ ಕೇಕ್ ಇರುತ್ತೆ."

"ಎಷ್ಟು ಅದುರುತ್ತೆ ಅಂತ ಕುಟ್ಟಿ ನೋಡಿದೀನಿ ಕಣೇ."

"ಒಬ್ರೇ ಕುಟ್ಟಿದ್ರಾ, ನಲವತ್ತೈದು ಜನಾನಾ?"

ನಾನು ಮಾತು ಬದಲಿಸಿದೆ.

ಆ ಕೇಕ್ ಬಾದಾಮಿ ಬಳೆಗಳನ್ನು ಪೇರಿಸಿದ ಹದಿನೆಂಟು ಸುತ್ತಿನ ಗೋಪುರ. ಅತ್ತೆಯ ಮೂರು ದಿನದ ದುಡಿಮೆ. ತಿನ್ನುವಾಗಲೂ ಗೋಪುರ ಕೆಡದಿರಲೆಂದು ನಾವು ಮೇಲಿನದನ್ನು ಎತ್ತಿ ಹಿಡಿದು ಅಡಿಯ ಬಳೆಯನ್ನೇ ಮೊದಲು ತೆಗೆಯುತ್ತೇವೆ. ಅಷ್ಟು ಮರ್ಯಾದೆ ಅದಕ್ಕೆ.

ಊಟದ ದಿನ ಮೊದಲ ಪಲ್ಲವಿಗೆ ಫೋರ್ಕುಗಳು ಕುಣಿದವು. ಎರಡನೆಯದಕ್ಕೆ ಮೇಜಿನ ತುದಿಯಲ್ಲಿದ್ದ ಮೀನುಗಾರರಿಗೆ ಹುರುಪು ಬಂದು ಆರೂ ತುಂಡಿಗೆ ಕುಟ್ಟಿದರು. ಮೂರನೆಯದಕ್ಕೆ ಗೋಪುರ ಸಭೆಗೆ ತಲೆಬಾಗಿ, ಬಳೆಬಳೆಯಾಗಿ ಕಳಚಿ, ಸಾರಿನ ಬಟ್ಟಲಿಗೂ ಪಾದ್ರಿಗಳ ಮಡಿಲಿಗೂ ಉರುಳಿತು.

ಅತ್ತೆ ಕೇಕಿಗೆ ಸಿಕ್ಕಿಸಿದ್ದು ಈಗ ಬಿದ್ದಿದ್ದ ಪುಟ್ಟ ಬಾವುಟವನ್ನು ಎತ್ತಿ ಒರೆಸಿದರು.

"ಮೂವತ್ತೊಂದು ವರ್ಷ ಆ ಪದ ನನ್ನ ಕಿಟಕಿ ಮೇಲಿನ ಹಲಗೇಲಿ ಸುಮ್ನೆ ಕೂತಿತ್ತು. ಒಬ್ರಿಗೂ ತೊಂದರೆ ಕೊಟ್ಟಿರಲಿಲ್ಲ. ಎಲ್ಲಾ ಬೊರ್ಗಿಲ್ಡಮ್ಮ ಅಂತಲೇ ಕೂಗೋರು."

ನಾನು ತಲೆ ತಗ್ಗಿಸಿದೆ. ಅವರ ಭುಜ ಅದುರುತ್ತಿತ್ತು. ನಗುತ್ತಿದ್ದಾರೆಂದು ತಿಳಿಯಲು ಸ್ವಲ್ಪ ಹೊತ್ತಾಯಿತು.

"ಮುಂದಿನ ವರ್ಷ ನೀನು ಹಾಡು ಬರೀಬೇಡ ಮಗಾ. ನನ್ನ ಪಕ್ಕ ಕೇಕ್ ಹಿಡ್ಕೊಂಡು ಕೂತ್ಕೋ."

ಅತ್ತೆ ಇನ್ನೂ ಒಂಬತ್ತು ಹುಟ್ಟುಹಬ್ಬ ಕಂಡರು. ಒಂಬತ್ತರಲ್ಲೂ ಹಾಡು ಬೇರೆಯವರದು. ನನಗೆ ಚಪ್ಪಾಳೆ ತಟ್ಟಲೂ ಕೈ ಬಿಡುವಿರಲಿಲ್ಲ.