ಉಪ್ಪು ನೋಡದ ಮಾವ

ನಮ್ಮ ಮಾವನವರಷ್ಟು ಚೆನ್ನಾಗಿ ಮೀನುಸಾರು ಮಾಡುವವರು ದಿಬ್ಬೂರಹಳ್ಳಿ ಸುತ್ತಮುತ್ತ ಯಾರೂ ಇಲ್ಲ. ಈ ಮಾತನ್ನು ಹೇಳಿದವರೂ ಅವರೇ! ತಿಂದ ನಮ್ಮನ್ನು ಇದುವರೆಗೂ ಯಾರೂ ಕೇಳಿಲ್ಲ.

ನಾನು ದಾವಣಗೆರೆ ಕಡೆಯವಳು. ಮದುವೆಯಾದ ಹೊಸತರಲ್ಲಿ ಒಂದು ಭಾನುವಾರ ಚಿಂತಾಮಣಿಯಿಂದ ಮಾವನ ಫೋನು. "ಚಾಪಲು ತರ್ತಾ ಇದೀನಮ್ಮ, ಜಿಲೇಬಿ. ಎಲ್ಲಾ ರೆಡಿ ಮಾಡ್ಕೊ." ಯಾರೋ ನೆಂಟರು ಬರುತ್ತಿರಬೇಕು, ಕೂರಲು ಚಾಪೆ, ತಿನ್ನಲು ಜಿಲೇಬಿ ಎಂದುಕೊಂಡೆ. ಹಜಾರ ಗುಡಿಸಿ, ಇದ್ದ ಎರಡು ಚಾಪೆಯನ್ನೂ ಹಾಸಿ, ತಟ್ಟೆ ಜೋಡಿಸಿಟ್ಟು ಕಾದೆ. ಮಾವ ಬಂದು ಚೀಲ ಸುರಿದರೆ, ನನ್ನ ತವರಿನ ಹೊಸ ಚಾಪೆಯ ಮೇಲೆ ಪಟಪಟ ಬಡಿದುಕೊಳ್ಳುತ್ತಿರುವ ಕೆರೆಮೀನು! ಈ ಗಡಿ ಕಡೆಯ ತೆಲುಗಿನಲ್ಲಿ ಚಾಪಲು ಅಂದರೆ ಮೀನಂತೆ, ಜಿಲೇಬಿ ಅನ್ನುವುದು ಅದರ ಜಾತಿಯಂತೆ. ಕನ್ನಡದವರ ಮನೆಯಲ್ಲಿ ಇದನ್ನೆಲ್ಲ ನಾನು ಹೇಗೆ ಊಹಿಸಲಿ? ಅತ್ತೆ ನಕ್ಕೂ ನಕ್ಕೂ ಸುಸ್ತಾದರು. ಮಾವ ಮಾತ್ರ ಅವತ್ತು ತಾವೇ ಸಾರು ಮಾಡಿ, ನಾಲ್ಕು ತುಂಡು ಚಪ್ಪರಿಸಿದರು.

ಅವರ ಅಡುಗೆಗೆ ಕಾನೂನುಗಳಿವೆ. ಹುಣಿಸೇಹುಳಿ, ಉಪ್ಪು, ಖಾರದಪುಡಿ, ಅರಿಶಿನ, ಜಜ್ಜಿದ ಬೆಳ್ಳುಳ್ಳಿ. ಅಷ್ಟೇ. ಒಮ್ಮೆ ನಾನು ಕಾಯಿ ತುರಿಯಲು ಕೂತಿದ್ದಕ್ಕೆ ತುರಿಮಣೆಯನ್ನೇ ಎತ್ತಿಟ್ಟರು.

"ಮಸಾಲೆ ಹಾಕೋದು ಹಳೇ ಮೀನಿಗಮ್ಮ, ವಾಸ್ನೆ ಮುಚ್ಚಕ್ಕೆ. ಹೊಸ ಮೀನೇನು ಕದ್ದ್ ಮಾಲಾ, ಮುಚ್ಚಿಡಕ್ಕೆ?"

ಸೌಟು ಹಾಕುವಂತಿಲ್ಲ, ತುಂಡು ಒಡೆಯುತ್ತದೆ. ಮಡಕೆಯನ್ನು ಬಟ್ಟೆಯಲ್ಲಿ ಹಿಡಿದು ತಿರುಗಿಸಬೇಕು. ಇದನ್ನೆಲ್ಲ ಸಹಿಸಿಕೊಳ್ಳಬಹುದಿತ್ತು. ಮಗಳು ಹುಟ್ಟಿ, ಬಾಣಂತನಕ್ಕೆ ತವರಿಗೆ ಹೋಗಿ ನಾನು ಹಿಂತಿರುಗುವಷ್ಟರಲ್ಲಿ ಮನುಷ್ಯ ಮೀನು ತಿನ್ನುವುದನ್ನೇ ಬಿಟ್ಟಿದ್ದರು. ತಿನ್ನುವುದು ಬಿಟ್ಟರು, ಮಾಡುವುದು ಬಿಡಲಿಲ್ಲ! ಒಂದು ತೊಟ್ಟನ್ನೂ ನಾಲಿಗೆಗೆ ಹಚ್ಚದೆ ಉಪ್ಪು ಹಾಕಿದರೆ ಏನಾಗಬೇಕೋ ಅದೇ ಆಗುತ್ತಿತ್ತು. ಶಿಡ್ಲಘಟ್ಟದ ಮಾರ್ಕೆಟ್ಟಿನಲ್ಲಿ ನಮ್ಮ ರೇಷ್ಮೆಗೂಡಿನ ರೇಟು ಏರಿದ ವಾರ ಖುಷಿಗೆ ಉಪ್ಪೂ ಏರುತ್ತಿತ್ತು. ಬಿದ್ದ ವಾರ ಸಾರು ಬರೀ ಸಪ್ಪೆ.

"ನೀವ್ಯಾಕೆ ತಿನ್ನಲ್ಲ ಮಾವ?"

"ಮುಳ್ಳು ಕಾಣಲ್ಲಮ್ಮ."

ಮತ್ತೊಮ್ಮೆ ಕೇಳಿದರೆ ನೆಗಡಿ. ಇನ್ನೊಮ್ಮೆ, "ಇವತ್ತು ಶನಿವಾರ ಅಲ್ವಾ?" ಭಾನುವಾರ ಮಧ್ಯಾಹ್ನ ಈ ಮಾತು!

ಮೊನ್ನೆ ನನ್ನ ಅಣ್ಣ ಊಟಕ್ಕೆ ಬಂದಿದ್ದ. ಹೋದ ಸಲ ಇಲ್ಲಿ ಉಂಡು, "ನಿಮ್ಮೂರಲ್ಲಿ ಸಮುದ್ರ ಇಲ್ಲ ಅಂದವರು ಯಾರು?" ಎಂದು ತವರಲ್ಲೆಲ್ಲ ಹೇಳಿ ನಗಿಸಿದ್ದ. ಈ ಸಲ ನನ್ನ ಮರ್ಯಾದೆ ಉಳಿಯಲೇಬೇಕಿತ್ತು. ನಾನೇ ಉಪ್ಪು ನೋಡೋಣವೆಂದರೆ, ಮಾಡಿದವರ ಹೊರತು ಬೇರೆ ಯಾರೂ ಬಡಿಸುವ ಮುಂಚೆ ರುಚಿ ನೋಡಬಾರದೆಂಬ ಇನ್ನೊಂದು ಕಾನೂನು. ಸಾರು ಕುದಿಯುತ್ತಿತ್ತು. ಒಂದು ಚಮಚ ತೆಗೆದು ಆರಿಸಿ, ಮಾವನ ಮುಂದೆ ಹಿಡಿದೆ.

"ಇವತ್ತು ನೀವೇ ಉಪ್ಪು ನೋಡ್ಬೇಕು."

"ಬೇಡಮ್ಮ."

"ಒಂದೇ ತೊಟ್ಟು!"

ಅವರು ಹಿಂದೆ ಸರಿದರು. ನನಗೆ ರೇಗಿಹೋಯಿತು. "ನನ್ ಕೈಯಿಂದ ಅಂತ ಬೇಡ್ವಾ ಮಾವ? ನೇರವಾಗಿ ಹೇಳ್ಬಿಡಿ!"

ಒಲೆಯ ಹತ್ತಿರ ಕೂತಿದ್ದ ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಎದ್ದರು. "ಸುಮ್ನಿರೇ. ನಿನ್ ಹೆರಿಗೇಲಿ ರಕ್ತ ನಿಲ್ತಾನೇ ಇರ್ಲಿಲ್ಲ. ಡಾಕ್ಟ್ರು ಕೈ ಚೆಲ್ಲಿದ್ರು. ಇವ್ರು ಚಿಕ್ಕಬಳ್ಳಾಪುರದ ಆಸ್ಪತ್ರೆ ಬಾಗಿಲಲ್ಲಿ ನಿಂತ್ಕೊಂಡು, 'ಸೊಸೆ ಉಳುದ್ರೆ ಇನ್ನು ಸಾಯೋಗಂಟ ಮೀನು ಬಾಯಿಗಿಡಲ್ಲ' ಅಂತ ಹರಕೆ ಹೊತ್ಕೊಂಡ್ರು ಕಣೇ."

"ಹೇಳ್ಬೇಡ ಅಂದಿರ್ಲಿಲ್ವೇನೇ ನಿಂಗೆ?" ಮಾವ ಅತ್ತೆಯ ಮೇಲೆ ರೇಗಿದರು. ಆಮೇಲೆ ನನ್ನ ಮುಖ ನೋಡಲಾರದೆ ಮಡಕೆಯ ಕಡೆ ತಿರುಗಿ, "ಬಾಯಿಗಿಡಲ್ಲ ಅಂದೆ, ಮಾಡಲ್ಲ ಅಂದ್ನಾ? ಆರೋಗುತ್ತೆ, ತಟ್ಟೆ ಹಾಕಮ್ಮ" ಎಂದರು.

ನನಗೆ ಅಳು ತಡೆಯಲಾಗಲಿಲ್ಲ. ತಟ್ಟೆ ಹಾಕುವ ನೆಪದಲ್ಲಿ ಹಜಾರಕ್ಕೆ ಬಂದು ಕಣ್ಣೊರೆಸಿಕೊಂಡೆ.

ಉಪ್ಪು ಅವತ್ತೂ ವಿಪರೀತ. ಅಣ್ಣ ನೀರಿನ ಚೊಂಬು ಕೆಳಗಿಡದೆ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದ. ನಾನು ಅವನನ್ನು ದುರುಗುಟ್ಟಿಕೊಂಡು ನೋಡಿ, ತಟ್ಟೆಯನ್ನು ಮಾವನ ಮುಂದೆ ಚಾಚಿದೆ.

"ಇನ್ನೊಂದ್ ಸೌಟು ಹಾಕಿ ಮಾವ."