ಶೆರಿಫ್ ಪೆನ್ರೋಸ್ ಅವರೇ, ದಯವಿಟ್ಟು ಈ ಚುನಾವಣೆಯಲ್ಲಿ ಸೋಲಿ

ಇಪ್ಪತ್ತೆರಡು ಪತ್ತೇದಾರಿ ಕಾದಂಬರಿಗಳ ನಾಯಕರೂ, ಹನ್ನೊಂದು ಸಲ ಗುಂಡೇಟು ತಿಂದು ಪ್ರತಿ ಸಲವೂ ಮರುದಿನ ಬೆಳಿಗ್ಗೆ ಕುದುರೆ ಹತ್ತಿದವರೂ ಆದ ಶೆರಿಫ್ ಆರ್ಲೋ ಪೆನ್ರೋಸ್ ಅವರ ಸನ್ನಿಧಾನಕ್ಕೆ, ಅಮೆರಿಕದ ಮೊಂಟಾನಾ ರಾಜ್ಯದ ಕೋಲ್ಟರ್ ಬೆಂಡ್ ಪಟ್ಟಣದಿಂದ ಕ್ಯಾಸಿ ಟೋರ್ಗರ್ಸನ್ ಟೋಪಿ ತೆಗೆದು ಸಲ್ಲಿಸುವ ವಂದನೆಗಳು.

ಮಾನ್ಯರೇ,

ತಾವು ಕಥೆಯೊಳಗಿನವರು ಎಂಬುದು ನನಗೆ ಗೊತ್ತು. ಹನ್ನೊಂದನೇ ತರಗತಿಗೇ ಶಾಲೆ ಬಿಟ್ಟವಳಾದರೂ ಅಷ್ಟು ತಿಳಿಯುತ್ತದೆ. ಆದರೆ ಇದು ತಿಳಿದಿರುವವರು ನಮ್ಮೂರಿನಲ್ಲಿ ದಿನೇ ದಿನೇ ಕಡಿಮೆಯಾಗುತ್ತಿರುವುದರಿಂದಲೂ, ಬರುವ ಮಂಗಳವಾರ ಶೆರಿಫ್ ಹುದ್ದೆಗೆ ಚುನಾವಣೆ ಇರುವುದರಿಂದಲೂ, ತಮಗೇ ನೇರವಾಗಿ ಬರೆಯುವ ಧೈರ್ಯ ಮಾಡಿದ್ದೇನೆ. ತಮ್ಮನ್ನು ಸೃಷ್ಟಿಸಿದ ಲೇಖಕರಿಗೆ ಬರೆಯಬಹುದಿತ್ತು. ಅವರು ಎಲ್ಲೋ ದೂರದ ಕಡಲ ತೀರದಲ್ಲಿದ್ದಾರೆ, ಕಥೆಗಳನ್ನೆಲ್ಲ ನಮ್ಮೂರಿನಲ್ಲೇ ನಡೆಸಿದರೂ ಇಲ್ಲಿಗೆ ಒಮ್ಮೆಯೂ ಬಂದಿಲ್ಲ. ಬಂದಿದ್ದರೆ ಇಲ್ಲಿ ಜಲಪಾತವೇ ಇಲ್ಲವೆಂದು ತಿಳಿದು, ಅದರ ಮೇಲಿಂದ ಏಳು ಜನರನ್ನು ಕೆಳಗೆ ತಳ್ಳಿಸುತ್ತಿರಲಿಲ್ಲ.

ಮೊದಲಿಗೆ ತಮ್ಮ ಸೇವೆಗೆ ಕೃತಜ್ಞತೆಗಳು. ತಾವು ಅಧಿಕಾರಕ್ಕೆ ಬಂದ ಮೇಲೆ ನಮ್ಮ ಊರಿನ ಇಬ್ಬರು ಪಾದ್ರಿಗಳು, ಮೂವರು ಪಶುವೈದ್ಯರು ಮತ್ತು ಪ್ರೌಢಶಾಲೆಯ ವಾದ್ಯವೃಂದದ ಅರ್ಧದಷ್ಟು ಮಂದಿ ಕೊಲೆಯಾಗಿದ್ದು, ಅಷ್ಟೂ ಕೊಲೆಗಾರರನ್ನು ತಾವು ಕೊನೆಯ ಅಧ್ಯಾಯದೊಳಗೆ ಹಿಡಿದುಕೊಟ್ಟಿದ್ದೀರಿ. ನಿಜವಾದ ಕೋಲ್ಟರ್ ಬೆಂಡಿನಲ್ಲಿ ನನಗೆ ತಿಳಿದಂತೆ ನಡೆದ ಅತಿ ಘೋರ ಅಪರಾಧವೆಂದರೆ ಲೂಥರನ್ ಚರ್ಚಿನ ಫ್ರೀಜರಿನಿಂದ ಜಿಂಕೆ ಮಾಂಸ ಕಳವಾದದ್ದು. ಕದ್ದವನೇ ಅದನ್ನು ಬೇಯಿಸಿ ಮುಂದಿನ ಭಾನುವಾರ ಚರ್ಚಿನ ಸಹಭೋಜನಕ್ಕೆ ತಂದಿದ್ದರಿಂದ ಪ್ರಕರಣ ತಾನಾಗಿಯೇ ಮುಗಿಯಿತು.

ನಮ್ಮ ನಿಜವಾದ ಶೆರಿಫ್ ನನ್ನ ಸೋದರತ್ತೆ ಡಾರ್ಲಾ. ಅವರು ಹೆದ್ದಾರಿಗೆ ಬಂದ ದನಗಳನ್ನು ಓಡಿಸುತ್ತಾರೆ, ಜಗಳವಾಡಿದ ಗಂಡಹೆಂಡಿರನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ ಕಾಫಿ ಕೊಡುತ್ತಾರೆ, ಹಿಮ ಬಿದ್ದು ಕರೆಂಟ್ ಹೋದಾಗ ಕಣಿವೆಯಾಚೆ ಒಂಟಿಯಾಗಿರುವವರ ಬಾಗಿಲು ತಟ್ಟಿ, ಒಳಗೆ ಬೆಚ್ಚಗಿದ್ದಾರೆಯೇ ಎಂದು ನೋಡಿ ಬರುತ್ತಾರೆ. ಇಂಥ ಕೆಲಸದ ಬಗ್ಗೆ ಯಾರೂ ಇಪ್ಪತ್ತೆರಡು ಕಾದಂಬರಿ ಬರೆಯುವುದಿಲ್ಲ. ಬರೆಯಲಿ ಎಂದು ನಾನು ಹೇಳುತ್ತಲೂ ಇಲ್ಲ, ಓದುವವರಿಗೆ ನಿದ್ದೆ ಬರುತ್ತದೆ.

ಹೋದ ಬೇಸಿಗೆಯಲ್ಲಿ ವರ್ನ್ ಸ್ಟೂಬ್ ಎಂಬ ರೈತನ ಮರ ಕೊಯ್ಯುವ ಮೋಟಾರು ಗರಗಸ ಕಳವಾಯಿತು. ಅತ್ತೆ ಹೋಗಿ, ಯಂತ್ರದ ಮೇಲಿದ್ದ ನಂಬರ್ ಕೇಳಿದರು. "ನಂಬರ್ ಎಲ್ಲ ಯಾಕೆ ಡಾರ್ಲಾ? ಪೆನ್ರೋಸ್ ಆಗಿದ್ರೆ ಬಗ್ಗಿ ಮಣ್ಣು ಮುಟ್ಟಿ ಹೇಳ್ಬಿಡ್ತಿದ್ದ," ಎಂದು ವರ್ನ್ ಮುಖ ಗಂಟಿಕ್ಕಿದ. ಅತ್ತೆ ಪಾಪ, ನೋಯುವ ಮಂಡಿಯನ್ನೂ ಮಡಿಸಿ ಮಣ್ಣು ಮುಟ್ಟಿದರು. "ಏನ್ ಗೊತ್ತಾಯ್ತು?" ಎಂದ. "ಒದ್ದೆ ಇದೆ," ಎಂದರು ಅತ್ತೆ. ಮೂರನೆಯ ದಿನ ಗರಗಸ ಅವನ ಭಾವಮೈದುನನ ಕೊಟ್ಟಿಗೆಯಲ್ಲೇ ಸಿಕ್ಕಿತು, ಆದರೆ ವರ್ನ್‌ಗೆ ತೃಪ್ತಿಯಾಗಲಿಲ್ಲ. ಭಾವಮೈದುನ ತಮ್ಮ ಪುಸ್ತಕದ ಕೊಲೆಗಾರರ ಹಾಗೆ ಕಿಟಕಿಯ ಕಡೆ ತಿರುಗಿ ನಿಂತು, ಉದ್ದವಾಗಿ ಮಾತಾಡಿ ತಪ್ಪೊಪ್ಪಿಕೊಳ್ಳಬೇಕಿತ್ತಂತೆ.

ಇಂಥ ಅಸಮಾಧಾನ ಊರಿನಲ್ಲಿ ಬೆಳೆಯುತ್ತಿದ್ದಾಗಲೇ ಓಹಾಯೊದಿಂದ ಕೆಂಟ್ ಬೋಡೆಲ್ ಎಂಬವರು ಬಂದರು. ಅಲ್ಲಿ ಅವರದು ಕಿಟಕಿ ಪರದೆಗಳ ವ್ಯಾಪಾರ. ಮಾನ್ಯರೇ, ತಮ್ಮ ಅಭಿಮಾನಿಗಳು ಪ್ರತಿ ಬೇಸಿಗೆಯಲ್ಲೂ ಬಂದು, ಇಲ್ಲದ ಜಲಪಾತವನ್ನು ಹುಡುಕಿ, ಟೀ ಶರ್ಟ್ ಕೊಂಡು ವಾಪಸು ಹೋಗುವುದು ವಾಡಿಕೆ. ಇವರು ಹೋಗಲೇ ಇಲ್ಲ. ತಮ್ಮಂಥದೇ ಟೋಪಿ ಕೊಂಡರು, ತಮ್ಮಂಥದೇ ಮೀಸೆ ಬಿಟ್ಟರು, ಕೊನೆಗೆ ನ್ಯಾಯಾಲಯಕ್ಕೆ ಹೋಗಿ ಕಾನೂನುಬದ್ಧವಾಗಿ ತಮ್ಮ ಹೆಸರನ್ನೇ ಇಟ್ಟುಕೊಂಡರು. ಈಗ ಸರ್ಕಾರಿ ದಾಖಲೆಗಳ ಪ್ರಕಾರ ಆರ್ಲೋ ಪೆನ್ರೋಸ್ ಎಂಬವರು ಈ ಊರಿನಲ್ಲಿ ಇದ್ದಾರೆ, ಕುದುರೆ ಕಂಡರೆ ಹೆದರುತ್ತಾರೆ.

ನಮ್ಮ ಮತಪತ್ರದಲ್ಲಿ ಅಚ್ಚಾದ ಹೆಸರಿನ ಕೆಳಗೆ ಒಂದು ಖಾಲಿ ಗೆರೆ ಇರುತ್ತದೆ. ಅಚ್ಚಾದವರು ಬೇಡವೆಂದರೆ ಅಲ್ಲಿ ಇನ್ನೊಬ್ಬರ ಹೆಸರು ಬರೆಯಬಹುದು. ಅಚ್ಚಾಗಿರುವುದು ಅತ್ತೆಯ ಹೆಸರೊಂದೇ. ತಮ್ಮ ಇಪ್ಪತ್ತೆರಡನೆಯ ಪುಸ್ತಕ ಬಂದ ವಾರವೇ ಬೋಡೆಲ್ ಅವರು ಆ ಖಾಲಿ ಗೆರೆಗೆ ಅಭ್ಯರ್ಥಿಯಾಗಿ ನೋಂದಾಯಿಸಿಕೊಂಡರು. ಈಗ ಅರ್ಧ ಊರಿನ ಅಂಗಳಗಳಲ್ಲಿ "ಪೆನ್ರೋಸ್ ಎಂದು ಬರೆಯಿರಿ" ಎಂಬ ಫಲಕಗಳು ನಿಂತಿವೆ.

ಅವರ ಪ್ರಚಾರವೆಂದರೆ ಕೆಫೆಯ ಮೂಲೆಯಲ್ಲಿ ಕೂತು ಕಣ್ಣು ಕಿರಿದಾಗಿಸುವುದು. ಮೊನ್ನೆ, "ಈ ಊರು ಏನನ್ನೋ ಮುಚ್ಚಿಡ್ತಾ ಇದೆ," ಎಂದು ದಪ್ಪ ದನಿಯಲ್ಲಿ ಹೇಳಿದರು. ಕಾಫಿ ಬಗ್ಗಿಸುತ್ತಿದ್ದ ಅರ್ಡಿಸ್, "ಹೂಂ ಕಣಪ್ಪಾ, ಹಕಲ್‌ಬೆರಿ ಹಣ್ಣಿನ ಪೈ ಮುಚ್ಚಿಟ್ಟಿದೀನಿ, ನೊಣ ಕೂರುತ್ತೆ," ಎಂದಳು. ಇಡೀ ಕೆಫೆ ನಕ್ಕಿತು. ನನಗೂ ಸಮಾಧಾನವಾಗಿ, "ಹಾಗಾದ್ರೆ ನಿನ್ನ ವೋಟು ಅತ್ತೆಗೇ ತಾನೆ?" ಎಂದು ಕೇಳಿದೆ. "ಇಲ್ಲ ಕಣೇ, ತಮಾಷೆಗೆ ಇವನ ಹೆಸರೇ ಬರೀತೀನಿ. ನಿಮ್ಮತ್ತೆ ಹೇಗೂ ಗೆದ್ದೇ ಗೆಲ್ತಾಳಲ್ಲ!"

ಮಾನ್ಯರೇ, ಆ ಹೊತ್ತಿಗೆ ಕೆಫೆಯಲ್ಲಿದ್ದ ಎಲ್ಲರನ್ನೂ ನಾನು ಕೇಳಿದೆ. ಎಲ್ಲರೂ ತಮಾಷೆಗೆ ಪೆನ್ರೋಸ್ ಎಂದು ಬರೆಯುವವರು, ಎಲ್ಲರಿಗೂ ಅತ್ತೆಯೇ ಗೆಲ್ಲುತ್ತಾರೆಂಬ ಗಟ್ಟಿ ನಂಬಿಕೆ. ಹೀಗೆ ಊರಿಗೆ ಊರೇ ನಂಬಿಕೊಂಡರೆ ಅತ್ತೆಗೆ ಬೀಳುವುದು ನನ್ನ ಒಂದೇ ಮತ.

ಒಂದೇ ಎಂದು ಏಕೆ ಹೇಳುತ್ತೇನೆಂದರೆ, ಅತ್ತೆಯ ಮತವನ್ನೂ ನಂಬುವಂತಿಲ್ಲ, ಅವರೂ ತಮ್ಮ ಅಭಿಮಾನಿ. ತಮ್ಮ ಪುಸ್ತಕಗಳನ್ನು ಲಾಕಪ್ಪಿನಲ್ಲಿ ಜೋಡಿಸಿಟ್ಟು, ಒಳಗಿರುವವರಿಗೆ ದಿನಕ್ಕೊಂದು ಅಧ್ಯಾಯ ಓದಿ ಹೇಳುತ್ತಾರೆ. ಬಿಡುಗಡೆಯಾದವನೊಬ್ಬ ಕೊಲೆಗಾರ ಯಾರೆಂದು ತಿಳಿಯಲು ಮರುದಿನ ತಾನಾಗಿಯೇ ವಾಪಸು ಬಂದಿದ್ದ. "ಅವನು ನಿಜವಾಗ್ಲೂ ಇದ್ದಿದ್ರೆ ನಾನೂ ಅವನಿಗೇ ಹಾಕ್ತಿದ್ದೆ ಕಣೇ ಕ್ಯಾಸಿ. ಮಂಡಿ ನೋವಿಲ್ಲ ಅವನಿಗೆ," ಎಂದರು. "ಸೋತ್ರೆ ಏನ್ ಮಾಡ್ತೀಯ ಅತ್ತೆ?" ಎಂದು ಕೇಳಿದ್ದಕ್ಕೆ, "ಹಿಮ ಬಿದ್ರೆ ಕಣಿವೆ ಆಚೆ ಹೋಗ್ಲೇಬೇಕಲ್ಲ. ಆದ್ರೆ ಶೆರಿಫ್‌ಗೆ ಕೊಡೋ ಸರ್ಕಾರಿ ಗಾಡಿ ಇರಲ್ಲ, ನಡ್ಕೊಂಡು ಅಷ್ಟು ದೂರ ಆಗಲ್ಲ," ಎಂದರು.

ಸುಳ್ಳು ಹೇಳಲು ನನಗೆ ಬರುವುದಿಲ್ಲ, ಆದ್ದರಿಂದ ಇದನ್ನೂ ಬರೆಯುತ್ತೇನೆ: ಶಾಲೆಯಲ್ಲಿ ಒಂದು ಪುಸ್ತಕವನ್ನೂ ಕೊನೆಮುಟ್ಟಿಸದ ನಾನು ತಮ್ಮ ಇಪ್ಪತ್ತೆರಡನ್ನೂ ಮುಗಿಸಿದ್ದೇನೆ. ಹದಿನಾಲ್ಕನೆಯದು ಕಳಪೆ. ಉಳಿದವು ಬಹಳ ಚೆನ್ನಾಗಿವೆ, ಅದೇ ತೊಂದರೆ.

ಈಗ ನನ್ನ ವಿನಂತಿ. ಮಂಗಳವಾರದೊಳಗೆ ತಾವು ಇಪ್ಪತ್ತಮೂರನೆಯ ಪುಸ್ತಕದಲ್ಲಿ ಹಾಸಿಗೆ ಹಿಡಿಯಬೇಕು. ಸಾಯುವುದು ಬೇಡ, ಸತ್ತರೆ ಅನುಕಂಪದ ಮತ ಬೀಳುತ್ತದೆ. ಮೂಗು ಸೋರುವ ನೆಗಡಿ ಸಾಕು. ಅದಾಗದಿದ್ದರೆ ತಪ್ಪು ಮನುಷ್ಯನನ್ನು ಹಿಡಿದು, ಅವನ ತಾಯಿಯ ಮನೆಗೆ ಹೋಗಿ, ಬೂಟು ಬಿಡುವ ಜಾಗದಲ್ಲೇ ನಿಂತು ಕ್ಷಮೆ ಕೇಳಬೇಕು; ಅತ್ತೆ ಹಾಗೆ ಎರಡು ಸಲ ಕೇಳಿದ್ದಾರೆ. ಅದೂ ಕಷ್ಟವೆನಿಸಿದರೆ ದಯಮಾಡಿ ಪುಟದಿಂದ ಹೊರಬಂದು, ನಮ್ಮ ಕೆಫೆಯ ಬಾಗಿಲಲ್ಲಿ ನಿಂತು, "ತಮಾಷೆಗೂ ನನ್ನ ಹೆಸರು ಬರೀಬೇಡ್ರಪ್ಪಾ" ಎಂದು ಒಂದೇ ಮಾತು ಹೇಳಿ ಹೋಗಬೇಕು. ಕಾಫಿ ನಾನು ಕೊಡಿಸುತ್ತೇನೆ.

ಮತವೊಂದನ್ನು ಬಿಟ್ಟು ಉಳಿದೆಲ್ಲದರಲ್ಲೂ ತಮ್ಮ ವಿಶ್ವಾಸಿ,
ಕ್ಯಾಸಿ ಟೋರ್ಗರ್ಸನ್

ತಾ.ಕ.: ಈ ಪತ್ರವನ್ನು ಅತ್ತೆಗೆ ಓದಿ ಹೇಳಿದೆ. ಮೊದಲು ನನ್ನ ಮೇಲೆ ರೇಗಿದರು, ಆಮೇಲೆ ಬಹಳ ವರ್ಷಗಳಿಂದ ಮನಸ್ಸಿನಲ್ಲಿರುವ ಒಂದು ಸಂಗತಿಯನ್ನು ತಮ್ಮಲ್ಲಿ ಕೇಳಲೇಬೇಕು ಎಂದರು. ಒಂಬತ್ತನೆಯ ಪುಸ್ತಕದಲ್ಲಿ ತಾವು ಒಬ್ಬ ಸಾಕ್ಷಿಯನ್ನು ಬೆಟ್ಟದ ಮೇಲಿನ ಗುಡಿಸಲಿನಲ್ಲಿ, ಆರಿದ ಕಬ್ಬಿಣದ ಒಲೆಗೆ ಸೇರಿಸಿ ಕೈಕೋಳ ಹಾಕಿ, "ಈಗ ಬಂದೆ" ಎಂದು ಹೇಳಿ ಕುದುರೆ ಹತ್ತಿ ಹೋದಿರಿ. ಆಮೇಲಿನ ಹದಿಮೂರು ಪುಸ್ತಕಗಳಲ್ಲಿ ಅವನ ಸುದ್ದಿಯೇ ಇಲ್ಲ. ಅವನಿಗೆ ಯಾರಾದರೂ ಒಂದು ಕಂಬಳಿಯಾದರೂ ಕೊಟ್ಟರೇ ಎಂದು ಅತ್ತೆ ಕೇಳುತ್ತಿದ್ದಾರೆ. ತಾವು ಮರೆತಿದ್ದರೆ ಸಂಕೋಚ ಬೇಡ, ಆ ಗುಡಿಸಲಿಗೆ ದಾರಿ ಬರೆದು ಕಳಿಸಿ, ಸಾಕು. ಮಂಗಳವಾರದವರೆಗೆ ಗಾಡಿ ಅತ್ತೆಯ ಬಳಿಯೇ ಇರುತ್ತದೆ.