ಕೈಲಾಗದವರಿಗೆ ಹರಕೆ ಮಾಫಿ

ಪುಣ್ಯದ ಕೆಲಸ ಅಂತ ಯಾರಾದರೂ ಕರೆದರೆ ನಾನು ಈಗೀಗ ಮೊದಲು ನನ್ನ ಚಪ್ಪಲಿ ಎಲ್ಲಿದೆ ನೋಡಿಕೊಳ್ಳುತ್ತೇನೆ. ಇಷ್ಟು ವರ್ಷಗಳಲ್ಲಿ ನನ್ನ ಫಜೀತಿಗಳೆಲ್ಲ ಅಂಥ ಕೆಲಸದಲ್ಲೇ ಆಗಿವೆ.

ನಮ್ಮದು ಬೀದರ ಕಡೆಯಿಂದ ಬಂದು ಔರಾದ ಶಹಾಜನಿ ಹತ್ತಿರದ ಹಳ್ಳಿಯಲ್ಲಿ ನೆಲೆಸಿದ ಜಂಗಮರ ಮನೆ. ಊರಿಗೆ ಅಯ್ಯ ನಾನೊಬ್ಬನೇ. ದಕ್ಷಿಣೆ ಅಷ್ಟಕ್ಕಷ್ಟೆ, ನಮ್ಮ ಒಲೆ ಉರಿಯುವುದು ಹರಕೆಗಳಿಂದ. ಮಗನ ಜ್ವರ ಇಳಿದರೆ ಅಯ್ಯನಿಗೆ ಉಣಿಸಿ ಜೋಳಿಗೆ ತುಂಬ ಜೋಳ ಕೊಡುತ್ತೇನೆ ಅಂತ ಬೇಡಿಕೊಳ್ಳುತ್ತಾರಲ್ಲ, ಅದೇ ನಮ್ಮ ಪಗಾರ. ತೊಂಬತ್ತಮೂರರ ಭೂಕಂಪದಲ್ಲಿ ಊರಿಗೆ ಊರೇ ಹರಕೆ ಹೊತ್ತಿತ್ತು. ನೆಲ ಅಲುಗಾಡುವುದು ನಿಂತ ಮೇಲೆ ಬಹಳ ಜನ ಮರೆತರು. ನಾನು ಮರೆತಿರಲಿಲ್ಲ.

ಉಮರ್ಗಾದ ಪಾದ್ರಿಗಳು, ಉದಗೀರದ ಮೌಲ್ವಿಗಳು, ನಿಲಂಗಾದ ನಮ್ಮ ಮಠದ ಸ್ವಾಮಿಗಳು ಭೂಕಂಪದ ಹೊತ್ತಿನಲ್ಲಿ ಒಂದೇ ಕಡಾಯಿಯಿಂದ ಖಿಚಡಿ ಬಡಿಸಿ ಗೆಳೆಯರಾದವರು. ಇಸವಿ ಎರಡು ಸಾವಿರ ಹತ್ತಿರ ಬಂದಾಗ ಪಾದ್ರಿಗಳು ಒಂದು ಮಾತು ತಂದರು. ಬಡ ದೇಶಗಳು ದೊಡ್ಡ ದೇಶಗಳ ಸಾಲಕ್ಕೆ ಬಡ್ಡಿ ಕಟ್ಟಿ ಕಟ್ಟಿ ದವಾಖಾನೆ ನಡೆಸಲೂ ಆಗದಂತಾಗಿವೆ. ಆ ಸಾಲ ಬಿಟ್ಟುಬಿಡಿ ಅಂತ ದೇವರನ್ನು ನಂಬುವ ಜನ ಎಲ್ಲ ಕಡೆ ಸಹಿ ಮಾಡುತ್ತಿದ್ದಾರಂತೆ. ಇನ್ನಿಬ್ಬರೂ ತಮ್ಮ ಧರ್ಮವೂ ಅದನ್ನೇ ಹೇಳುತ್ತದೆ ಅಂದರು. ಕಾಗದ ಹೊತ್ತು ತಿರುಗುವವರು ಯಾರು ಅನ್ನುವಾಗ ಮೂವರೂ ನನ್ನ ಕಡೆ ನೋಡಿದರು.

ಪತ್ರಾ ಯಾವಾಗ?

ಮೊದಲು ನಮ್ಮ ಊರಲ್ಲೇ, ಗುಡಿ ಪಕ್ಕದ ಆಯಿಯ ಕಟ್ಟೆ ಮೇಲೆ ಕೂತೆ. ಆಯಿ ಊರಿಗೇ ಹಿರಿಯಳು. ನಾನು ಬಾಯಿ ತೆರೆಯುವ ಮೊದಲೇ ಸಾಲು ನಿಂತಿತು, ಎಲ್ಲರ ಹೆಬ್ಬೆಟ್ಟೂ ಮುಂದೆ ಬಂತು. ಇಷ್ಟು ಧರ್ಮಬುದ್ಧಿಯೇ ಅಂತ ನನಗೆ ಎದೆ ತುಂಬಿತು. ಆಯಿ ಹೆಬ್ಬೆಟ್ಟು ಒತ್ತಿ, ಮನೆಯ ಚಾವಣಿ ತೋರಿಸಿ, ತಗಡಿನ ಪತ್ರಾ ಯಾವಾಗ ಬರುತ್ತವೆ ಅಂತ ಕೇಳಿದಳು. ಭೂಕಂಪ ಆದಾಗಿನಿಂದ ಹೆಬ್ಬೆಟ್ಟು ಒತ್ತಿದಾಗಲೆಲ್ಲ ಕಂಬಳಿಯೋ ಪತ್ರಾವೋ ಬಂದಿತ್ತು, ಅವರದೇನೂ ತಪ್ಪಿಲ್ಲ.

ಈ ಸಲ ನಮಗೆ ಬರುವುದು ಏನೂ ಇಲ್ಲ, ನಾವೇ ದೂರದ ಬಡವರಿಗೆ ಕೊಡುವುದು ಅಂದೆ. ಸಾಲಿನ ಹಿಂದಿನ ಅರ್ಧ ಜನ ಹೆಬ್ಬೆಟ್ಟು ಹಿಂದಕ್ಕೆ ಎಳೆದುಕೊಂಡರು. ಆಯಿ ತನ್ನ ಕರಿ ಬೆರಳು ನೋಡಿಕೊಂಡಳು.

“ಕೊಡೂಣ್ರಿ ಅಯ್ಯನೋರ, ನಮಗೂ ದೂರದೋರೇ ಕೊಟ್ಟಾರ. ಆದ್ರ ಬೆರಳ ತೊಳ್ಕೊಳ್ಲಾಕ ಒಂದು ಸಾಬಾಣರೆ ತರಬೇಕಿತ್ತು.”

ಶೇಟಜಿಯ ಷರಾ

ನಿಲಂಗಾದ ಅಡತ್ ಬಜಾರಿನಲ್ಲಿ ಧಾನ್ಯದ ದೊಡ್ಡ ಶೇಟಜಿ ಮಠದ ಭಕ್ತರು. ಕಾಗದವನ್ನು ತಿರುಗಿಸಿ ಮುರುಗಿಸಿ ಓದಿದರು. ಸಹಿ ಹಾಕಿ, ಅದರ ಕೆಳಗೆ ‘ನಮ್ಮ ಅಂಗಡಿಯ ಉಧಾರಿ ಸಾಲಕ್ಕೆ ಇದು ಲಾಗೂ ಇಲ್ಲ’ ಅಂತ ಷರಾ ಬರೆದರು. ಪಕ್ಕದ ಬಟ್ಟೆ ಅಂಗಡಿಯವನು ಅದನ್ನು ನೋಡಿ, ಇದು ಬರೆಯದಿದ್ದರೆ ತನಗೇ ನುಕಸಾನ್ ಅಂದುಕೊಂಡು ತಾನೂ ಬರೆದ. ಕ್ಷೌರದವನೂ ಬರೆದ. ಇಡೀ ಬಜಾರು ಬಡ ದೇಶಗಳ ಮೇಲೆ ದಯೆ ತೋರಿಸಿ, ತಂತಮ್ಮ ಗಿರಾಕಿಗಳಿಗೆ ಬಾಗಿಲು ಹಾಕಿತು.

ಕಡೆಗೆ ಬಸ್‌ಸ್ಟ್ಯಾಂಡಿನ ಚಹಾದವನು ಎಲ್ಲವನ್ನೂ ಓದಿ, ಬಹಳ ಹೊತ್ತು ಯೋಚಿಸಿ ಬರೆದ: ‘ಎಲ್ಲ ದೇಶಗಳಿಗೂ ಮಾಫಿ. ಮೇಲಿನ ಶೇಟಜಿಯ ಚಹಾದ ಬಾಕಿ ಬಿಟ್ಟು.’

ಮಾಫಿ

ಊರಿಗೆ ಮರಳಿದರೆ ಕಟ್ಟೆ ಮೇಲೆ ಜನ ನನ್ನ ದಾರಿಯನ್ನೇ ಕಾಯುತ್ತಿದ್ದರು. ಅರ್ಧ ಊರಿನ ಹೆಬ್ಬೆಟ್ಟು ಇನ್ನೂ ಬಾಕಿ. ಒಬ್ಬ ಗೌಡ ಎದ್ದು ಕೇಳಿದ:

“ಸಾಲ ಬಿಡೋದು ದೇವ್ರಿಗೆ ಪಸಂದ್ ಅದ ಅಂತೀರಿ. ಬರೋಬರ್. ಹಂಗಾದ್ರ ನಾವು ದೇವ್ರಿಗೆ ಕೊಡಬೇಕಾದ ಹರಕಿ ದೇವ್ರು ಬಿಡ್ತಾನೇನು?”

ನಾನು ಮನಸ್ಸಲ್ಲೇ ಲೆಕ್ಕ ಹಾಕಿದೆ. ಬಿಡುತ್ತಾನೆ ಅಂದರೆ ನಮ್ಮ ಮನೆಯ ವರ್ಷದ ಜೋಳ ಹೋಯಿತು. ಬಿಡುವುದಿಲ್ಲ ಅಂದರೆ ಕೈಯಲ್ಲಿರುವ ಕಾಗದ ಸುಳ್ಳು. ಸ್ವಾಮಿಗಳನ್ನು ಕೇಳಿ ಬರುತ್ತೇನೆ ಅಂತ ತಪ್ಪಿಸಿಕೊಂಡೆ. ಸ್ವಾಮಿಗಳು ನಕ್ಕು, ಕೈಲಾಗದವರಿಗೆ ಹರಕೆ ಮಾಫ್ ಅಂತ ಸಾರಿಬಿಡು ಅಂದರು. ಅವರಿಗೇನು, ಮಠಕ್ಕೆ ಹೊಲ ಇದೆ.

ಮರುದಿನ ಆಯಿಯ ಕಟ್ಟೆ ಮೇಲೆ ನಿಂತು ಹಾಗೇ ಸಾರಿದೆ. ಊರೆಲ್ಲ ಖುಷಿಯಿಂದ ಹೆಬ್ಬೆಟ್ಟು ಒತ್ತಿತು. ಕಾಗದ ತುಂಬಿತು. ದುಃಖದಲ್ಲಿ ನಾನು ಶಾಯಿಯ ಡಬ್ಬಿಯನ್ನು ಅಲ್ಲೇ ಮರೆತು ಮನೆಗೆ ಬಂದೆ. ಸುದ್ದಿ ಕೇಳಿ ನನ್ನ ಹೆಂಡತಿ ಜೋಳದ ಡಬ್ಬದ ಮುಚ್ಚಳ ತೆಗೆದು, ಒಳಗೆ ನೋಡಿ, ಮತ್ತೆ ಮುಚ್ಚಿದಳು. ಬೈದಿದ್ದರೆ ಚೆನ್ನಾಗಿತ್ತು.

ಶ್ರಾವಣದ ಕಡೆಯ ಸೋಮವಾರ ಬೆಳಿಗ್ಗೆ ಗೌಡ ಬಾಗಿಲಲ್ಲಿ ನಿಂತಿದ್ದ. ಹರಕೆ ತೀರಿಸಬೇಕು, ಊಟಕ್ಕೆ ಬರಬೇಕು ಅಂದ. ಮಾಫ್ ಆಗಿದೆಯಲ್ಲ ಅಂದೆ.

“ಅದು ಕೈಲಾಗದೋರಿಗೆ ಅಲ್ಲೇನ್ರಿ? ನಮಗ ಕೈಲಾಗಲ್ಲ ಅಂತ ಯಾರು ಹೇಳ್ಯಾರ?”

ಅವನ ಮನೆಯಲ್ಲಿ ಒಲೆ ಉರಿದದ್ದು ನೋಡಿ ಎದುರು ಮನೆಯಲ್ಲೂ ಹೂರಣ ಬೆಂದಿತು. ಎದುರು ಮನೆಯವರು ಉಣಿಸಿದ ಮೇಲೆ ಹಿಂದಿನ ಮನೆಯವರು ಸುಮ್ಮನಿರುತ್ತಾರೆಯೇ? ಊರಲ್ಲಿ ಕೈಲಾಗದವರು ಒಬ್ಬರೂ ಉಳಿಯಲಿಲ್ಲ. ಮೊದಲ ಮನೆಯಲ್ಲಿ ತಟ್ಟೆ ನೋಡಿ ನನ್ನ ಕಣ್ಣು ತುಂಬಿ ಬಂತು. ಐದಾರು ಮನೆ ಆದ ಮೇಲೆ ಮತ್ತೆ ಕಣ್ಣು ತುಂಬಿತು, ಆದರೆ ಅದು ಬೇರೆ ಕಾರಣಕ್ಕೆ. ಜಂಗಮ ಕೂತು ಉಣ್ಣದೆ ಹರಕೆ ತೀರುವುದಿಲ್ಲ. ಜೋಳಿಗೆಗಳನ್ನು ಹೆಂಡತಿ ನಗುನಗುತ್ತಾ ಮನೆಗೆ ಸಾಗಿಸಿದಳು. ಹೋಳಿಗೆ ಮಾತ್ರ ನಾನೇ ಸಾಗಿಸಬೇಕಿತ್ತು.

ಆಯಿಯ ಮನೆ ಮುಟ್ಟುವ ಹೊತ್ತಿಗೆ ನನಗೆ ಬಗ್ಗಲು ಬರುತ್ತಿರಲಿಲ್ಲ. ಕಟ್ಟೆ ತುಂಬ ಜನ. ನಾನು ಕೈಮುಗಿದೆ.

“ಆಯಿ, ಉಳಿದ ಊಟ ಎಲ್ಲಾ ಮಾಫ್ ಮಾಡ್ರಿ.”

“ಆಗ್ಲಿರಿ ಅಯ್ಯನೋರ” ಅಂದಳು ಆಯಿ. ಒಳಗೆ ಹೋಗಿ ನಾನು ಮರೆತಿದ್ದ ಶಾಯಿಯ ಡಬ್ಬಿ ತಂದು, ಮುಚ್ಚಳ ತೆಗೆದು, ಎಲ್ಲರ ಮುಂದೆ ನನ್ನೆದುರು ಇಟ್ಟಳು.

“ಕೈಲಾಗವಲ್ದು ಅಂತ ಒಂದು ಹೆಬ್ಬಟ್ಟ ಒತ್ರಿ.”

ನಾನು ಡಬ್ಬಿ ನೋಡಿದೆ. ಜನರನ್ನು ನೋಡಿದೆ. ತಟ್ಟೆಯ ಮುಂದೆ ಕೂತು, “ತುಪ್ಪ ಸ್ವಲ್ಪ ಕಡಿಮಿ ಹಾಕ್ರಿ” ಅಂದೆ.